ಮೈತೂಕ, ಮಿದುಳು ಮತ್ತು ಮೈಸೂರಿನ ಹೆರಿಗೆ ದಾಖಲೆಗಳು

ಕರ್ನಾಟಕದಲ್ಲಿ ಬೊಜ್ಜಿಗೂ ಮಿದುಳಿಗೂ ಇರುವ ನಂಟಿನ ಚರಿತ್ರೆ ಹಸಿವಿನಿಂದ ಶುರುವಾಗುತ್ತದೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರಿ ಹೊಲಗಳು ಬಹುಕಾಲ ಮಳೆಯನ್ನೇ ನೆಚ್ಚಿಕೊಂಡಿದ್ದವು. ಬೆಳವಣಕಿಯಂಥ ಊರುಗಳ ಬದುಕು ಹಿಂಗಾರಿ ಜೋಳ, ಕಡಲೆ, ಗೋದಿ, ಕುಸುಬಿ, ಹತ್ತಿಯ ಮೇಲೆ ನಿಂತಿತ್ತು. ಬೆಳೆದ ವರ್ಷ ಜೋಳ ಹಗೇವಿಗೆ ಇಳಿಯುತ್ತಿತ್ತು, ಬೆಳೆಯದ ವರ್ಷ ಹಗೇವಿನಿಂದ ಮೇಲೇರುತ್ತಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. ದಕ್ಷಿಣ ಭಾರತವನ್ನು ಹಿಂಡಿದ 1876–78ರ ಬರ ಮುಂಬಯಿ ಪ್ರಾಂತ್ಯದ ಧಾರವಾಡ, ಕಲಾದಗಿ, ಬೆಳಗಾವಿ ಜಿಲ್ಲೆಗಳನ್ನೂ ಬಿಡಲಿಲ್ಲ. ಈಗ ಗದಗ ಜಿಲ್ಲೆಯಲ್ಲಿರುವ ರೋಣ ಆಗ ಧಾರವಾಡ ಜಿಲ್ಲೆಯ ತಾಲ್ಲೂಕು. ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಆಳಿನ ಕೂಲಿಯನ್ನು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಚಿಲ್ಲರೆ ಕಾಸಿನ ಮಟ್ಟಕ್ಕೆ ಇಳಿಸಿದ. ಅರ್ಧ ಕಿಲೋಗೂ ಕಡಿಮೆ ಕಾಳಿನಲ್ಲಿ ದಿನವಿಡೀ ದುಡಿಯುವ ಮೈ ಉಳಿಯದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಬಹಿರಂಗವಾಗಿಯೇ ವಾದಿಸಿದ. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿ 50 ಲಕ್ಷ ದಾಟಿದ ಜನರನ್ನು ಎಣಿಸಿತ್ತು. 1881ರಲ್ಲಿ ಸಿಕ್ಕವರು ಸುಮಾರು 42 ಲಕ್ಷ.

ಇಂಥ ನೆಲದಲ್ಲಿ ಮೈ ತುಂಬಿಕೊಂಡಿರುವುದು ರೋಗವಾಗಿ ಕಾಣುವುದು ಸಾಧ್ಯವಿರಲಿಲ್ಲ. ಉತ್ತರ ಕರ್ನಾಟಕದ ಬಾಣಂತನದ ಪದ್ಧತಿಯಲ್ಲೇ ಅದರ ಗುರುತಿದೆ: ಅಂಟಿನುಂಡಿ, ಅಳವಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ. ಬಡವರ ಮನೆಯಲ್ಲೂ ಆ ಕೆಲವು ವಾರ ತಾಯಿಯ ಮೈಗೆ ಕೊಬ್ಬು ಕೂಡಿಸುವ ಪ್ರಯತ್ನ ನಡೆಯುತ್ತಿತ್ತು. ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಕೂಸು ತುಂಬಿಕೊಂಡಿದೆಯೋ ಸೊರಗಿದೆಯೋ ಎಂಬುದನ್ನು ಆಕೆಯ ಕೈ ಬಲ್ಲದು, ಆದರೆ ತಕ್ಕಡಿಗೆ ಹಾಕಿ ಬರೆದಿಡುವ ರೂಢಿ ಇರಲಿಲ್ಲ. ಹಾಗಾಗಿ ಧಾರವಾಡ ಸೀಮೆಯ ಬರದಲ್ಲಿ ಹುಟ್ಟಿದ ಕೂಸುಗಳು ಎಷ್ಟು ತೂಗಿದವು, ಬೆಳೆದು ಎಂಥ ಮೈ, ಎಂಥ ಮನಸ್ಸು ಪಡೆದವು ಎಂಬುದರ ದಾಖಲೆ ಇಲ್ಲ.

ದಾಖಲೆ ಹುಟ್ಟಿದ್ದು ಮೈಸೂರಿನಲ್ಲಿ. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಮಂಡಿ ಮೊಹಲ್ಲಾದಲ್ಲಿ ಹೆಂಗಸರು, ಮಕ್ಕಳಿಗಾಗಿ ತೆರೆದ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರವರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆ. ಅಲ್ಲಿನ ಹೆರಿಗೆ ವಾರ್ಡಿನ 1934ರಿಂದೀಚಿನ ಪುಸ್ತಕಗಳು ಉಳಿದಿವೆ. ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ. ತಾಯಿಯ ತೂಕ, ಸೊಂಟದ ಮೂಳೆಯ ಅಳತೆ. ಹೆರಿಗೆ ಸಲೀಸಾದೀತೇ ಎಂದು ಅಂದಾಜು ಮಾಡಲು ಹೊರಗಿನಿಂದಲೇ ಸೊಂಟ ಅಳೆಯುವುದು ಆ ಕಾಲದ ವೈದ್ಯಕೀಯ ರೂಢಿ. ಸಂಶೋಧನೆಯ ಉದ್ದೇಶ ಬರೆದ ದಾದಿಯರಿಗೆ ಇದ್ದಿರಲಾರದು; ಶಿಸ್ತು ಇತ್ತು. ಅಂಕಿಗಳಲ್ಲಿ ತಲೆಯ ಸುತ್ತಳತೆಯೂ ಇದ್ದದ್ದು ಈ ಕಥೆಗೆ ದೊಡ್ಡ ಅದೃಷ್ಟ. ಹುಟ್ಟಿದ ಕೂಸಿನ ಮಿದುಳು ದೊಡ್ಡವರ ಮಿದುಳಿನ ಕಾಲುಭಾಗದಷ್ಟಾದರೂ ಇರುತ್ತದೆ. ಅದು ಗರ್ಭದಲ್ಲಿ ಎಷ್ಟು ಬೆಳೆಯಿತು ಎಂಬುದಕ್ಕೆ, ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ, ತಲೆಗೆ ಸುತ್ತಿದ ಟೇಪೇ ಸಾಕ್ಷಿ.

ಅತ್ತ ವಿಜ್ಞಾನ ಅದೇ ಕಾಲದಲ್ಲಿ ಬೊಜ್ಜು, ಮಿದುಳಿನ ನಂಟಿನ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿದಿತ್ತು. 1901ರಲ್ಲಿ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಷ್, ಪಿಟ್ಯುಟರಿ ಗ್ರಂಥಿಯ ಬಳಿ ಗಡ್ಡೆಯಾಗಿ ವಿಪರೀತ ದಪ್ಪಗಾದ ಹುಡುಗನೊಬ್ಬನ ವಿವರ ಪ್ರಕಟಿಸಿದ. 1940ರಲ್ಲಿ ಹೆದರಿಂಗ್‌ಟನ್ ಮತ್ತು ರಾನ್ಸನ್, ಇಲಿಗಳ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ಸಿನ ನಡುಭಾಗವನ್ನು ಗಾಯಗೊಳಿಸಿದರೆ ಅವು ಬೊಜ್ಜು ಬೆಳೆಸುತ್ತವೆ ಎಂದು ತೋರಿಸಿದರು. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಭಾರತದ ಬಿ. ಕೆ. ಆನಂದ್ ಮತ್ತು ಜಾನ್ ಬ್ರೋಬೆಕ್, ಅದೇ ಹೈಪೊಥಲಾಮಸ್ಸಿನ ಪಕ್ಕದ ಭಾಗ ಕೆಟ್ಟರೆ ಇಲಿ ಉಣ್ಣುವುದನ್ನೇ ಬಿಡುತ್ತದೆ ಎಂದು ಕಂಡುಕೊಂಡರು. ಆನಂದ್ ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಭಾಗವನ್ನು ಕಟ್ಟಿದರು. ಆ ಅರ್ಧ ಶತಮಾನದ ಚಿಂತನೆಯೆಲ್ಲ ಮಿದುಳಿನಿಂದ ಹೊಟ್ಟೆಯ ಕಡೆಗೆ. ಮೈಯ ಕೊಬ್ಬು ಮಿದುಳಿಗೆ ಏನು ಮಾಡುತ್ತದೆ ಎಂದು ಬದುಕಿರುವ ಮನುಷ್ಯರಲ್ಲಿ ನೋಡಲು ಎಂ.ಆರ್.ಐ. ಯಂತ್ರ ಬರಬೇಕಾಯಿತು.

ಬೊಜ್ಜು, ಮಿದುಳು ಎರಡನ್ನೂ ಹಸಿವಿನ ಜೊತೆ ಕಟ್ಟಿದ ಮೊದಲ ದೊಡ್ಡ ಸಾಕ್ಷ್ಯ ಹಾಲೆಂಡಿನದು. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ಸಾಗಣೆ ತಡೆದಾಗ ಆ ದೇಶದ ಪಶ್ಚಿಮ ಭಾಗ ಕೆಲವು ತಿಂಗಳು ಉಪವಾಸ ಬಿತ್ತು. ಸೈನ್ಯಕ್ಕೆ ಕಡ್ಡಾಯವಾಗಿ ಬಂದ 19ರ ಹರೆಯದ ಗಂಡುಮಕ್ಕಳ ಅಳತೆಗಳನ್ನು 1976ರಲ್ಲಿ ಪರಿಶೀಲಿಸಿದಾಗ, ಗರ್ಭದ ಮೊದಲರ್ಧದಲ್ಲಿ ಬರ ಕಂಡವರಲ್ಲಿ ಬೊಜ್ಜು ಹೆಚ್ಚಿತ್ತು; ಕೊನೆಯ ತಿಂಗಳುಗಳಲ್ಲಿ ಕಂಡವರಲ್ಲಿ ಕಡಿಮೆ. 1990ರ ದಶಕದಲ್ಲಿ ಅದೇ ಬರದ ಕೂಸುಗಳ ಬಗ್ಗೆ ಇನ್ನೊಂದು ವಿಷಯ ಹೊರಬಿತ್ತು. ಹಸಿವು ತುಟ್ಟತುದಿಯಲ್ಲಿದ್ದಾಗ ಗರ್ಭ ಕಟ್ಟಿದವರಲ್ಲಿ ಸ್ಕಿಜೋಫ್ರೀನಿಯಾ ಸುಮಾರು ಇಮ್ಮಡಿ. ಒಂದೇ ಹಸಿವು ಒಂದು ಪೀಳಿಗೆಯ ಸೊಂಟವನ್ನೂ ಮನಸ್ಸನ್ನೂ ಮುಟ್ಟಿತ್ತು. ಡಚ್ಚರ ಬರಕ್ಕೆ ಆರಂಭದ ದಿನ, ಕೊನೆಯ ದಿನ, ರೇಷನ್ ಲೆಕ್ಕ ಎಲ್ಲವೂ ಇದ್ದವು. ಅದಕ್ಕಿಂತ ಎಷ್ಟೋ ದೀರ್ಘವಾದ ಧಾರವಾಡದ ಬರಕ್ಕೆ ಅಂಥ ಲೆಕ್ಕವಿಲ್ಲದ್ದರಿಂದಲೇ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಇಂಗ್ಲೆಂಡಿನ ಹಾರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ಸೂಲಗಿತ್ತಿಯರು ಬರೆದಿಟ್ಟ ಪುಸ್ತಕಗಳನ್ನು ಹುಡುಕಿ ತೆಗೆದ ಡೇವಿಡ್ ಬಾರ್ಕರ್, ಹುಟ್ಟುವಾಗ ತೂಕ ಕಡಿಮೆಯಿದ್ದವರು ಮುಂದೆ ಹೃದಯರೋಗದಿಂದ ಹೆಚ್ಚು ಸಾಯುತ್ತಾರೆ ಎಂದು 1989ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಅಷ್ಟು ಹಳೆಯ ದಾಖಲೆ ಎಲ್ಲಿದ್ದೀತು ಎಂಬ ಹುಡುಕಾಟ ಸೌತಾಂಪ್ಟನ್ ವಿಶ್ವವಿದ್ಯಾಲಯದ ವೈದ್ಯೆ ಕ್ಯಾರೋಲಿನ್ ಫಾಲ್ ಅವರನ್ನೂ ಸಂಗಡಿಗರನ್ನೂ ಮೈಸೂರಿನ ಮಿಷನ್ ಆಸ್ಪತ್ರೆಗೆ ತಂದಿತು. ಆಸ್ಪತ್ರೆಯ ಸುತ್ತಲ ಬಡಾವಣೆಗಳಲ್ಲಿ ಮನೆಮನೆ ತಿರುಗಿ, ಆ ಪುಸ್ತಕಗಳಲ್ಲಿ ಕೂಸಾಗಿ ದಾಖಲಾದವರನ್ನು ನಡುವಯಸ್ಸಿನಲ್ಲಿ ಪತ್ತೆ ಮಾಡಿದರು. 1996ರ ಲ್ಯಾನ್ಸೆಟ್ ವರದಿಯಂತೆ, 1934ರಿಂದ 1954ರ ನಡುವೆ ಹುಟ್ಟಿದ 517 ಜನರ ಪೈಕಿ, 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ. 11 ಜನಕ್ಕೆ ಹೃದಯರೋಗವಿತ್ತು, 3.1 ಕಿಲೋ ಮೀರಿದವರಲ್ಲಿ ಶೇ. 3 ಮಾತ್ರ. ಹೃದಯದ ಮಟ್ಟಿಗೆ ಮೈಸೂರು ಇಂಗ್ಲೆಂಡಿನ ಮಾತನ್ನೇ ಹೇಳಿತು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಹೇಳಲಿಲ್ಲ. ಎರಡು ವರ್ಷದ ಮೇಲೆ ಬಂದ ವರದಿಯಲ್ಲಿ ಆ ಕಾಯಿಲೆ ಹೆಚ್ಚಾಗಿ ಕಂಡದ್ದು ಸಣಕಲು ಕೂಸುಗಳಾಗಿದ್ದವರಲ್ಲಲ್ಲ, ಗಿಡ್ಡಗೆ ದುಂಡಗೆ ಹುಟ್ಟಿ, ತಾಯಂದಿರೂ ತೂಕವಿದ್ದವರಲ್ಲಿ. ತಾಯಿಗೆ ಗರ್ಭಕಾಲದಲ್ಲಿ ಸಕ್ಕರೆ ಏರಿದ್ದಿರಬಹುದು ಎಂಬ ಗುಮಾನಿ ಅಲ್ಲಿಂದ ಎದ್ದಿತು.

ಆ ಗುಮಾನಿಯನ್ನು ಪರೀಕ್ಷಿಸಲು 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸ ಅಧ್ಯಯನ ತೊಡಗಿತು, ಹೆಸರು ಪಾರ್ಥೆನಾನ್. ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ಶೇ. 6.2 ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇತ್ತು. ಅವರ ಮಕ್ಕಳನ್ನು ಜಿ. ವಿ. ಕೃಷ್ಣವೇಣಿ, ಎಸ್. ಆರ್. ವೀಣಾ ಮುಂತಾದ ಮೈಸೂರಿನ ಸಂಶೋಧಕರು ವರ್ಷವರ್ಷವೂ ಹಿಂಬಾಲಿಸಿದರು. ಒಂಬತ್ತು ವರ್ಷ ದಾಟುವ ಹೊತ್ತಿಗೆ, ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್ನಿಗೆ ಮೈ ಬಗ್ಗುವುದು ಕಡಿಮೆ. ಹಾಗಾದರೆ ಮಿದುಳು? ಅದಕ್ಕಾಗಿ ಮಕ್ಕಳಿಗೆ ಕನ್ನಡದ ವಾತಾವರಣಕ್ಕೆ ಹೊಂದಿಸಿದ ಪರೀಕ್ಷೆಗಳನ್ನು ಕೊಟ್ಟರು. ಕಲಿತದ್ದನ್ನು ನೆನೆಯುವುದು, ಬಣ್ಣದ ಘನಗಳಿಂದ ವಿನ್ಯಾಸ ಜೋಡಿಸುವುದು, ಒಂದು ನಿಮಿಷದಲ್ಲಿ ಆದಷ್ಟು ಹೆಸರು ಹೇಳುವುದು, ಹೀಗೆ.

ಫಲಿತಾಂಶ ಪಾಶ್ಚಾತ್ಯ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಲ್ಲಿ ಬುದ್ಧಿಗೆ ಕುಂದು ಕಾಣಲಿಲ್ಲ. ಕೆಲವು ಪರೀಕ್ಷೆಗಳಲ್ಲಿ ಅವರೇ ಮುಂದಿದ್ದರು. 2014ರಲ್ಲಿ ಬಂದ ಇನ್ನೊಂದು ವರದಿಯಲ್ಲಿ, 9–10 ವರ್ಷದ ಮಕ್ಕಳಲ್ಲಿ ಚರ್ಮದಡಿಯ ಕೊಬ್ಬು, ಸೊಂಟದ ಸುತ್ತಳತೆ ಹೆಚ್ಚಿದ್ದವರು ಬುದ್ಧಿಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದು ಕಂಡಿತು. ಕೊಬ್ಬು ಮಿದುಳನ್ನು ಚುರುಕು ಮಾಡುತ್ತದೆ ಎಂದು ಇದರಿಂದ ಓದಿಕೊಂಡರೆ ದೊಡ್ಡ ತಪ್ಪು. ಆ ಮಕ್ಕಳಲ್ಲಿ ನಿಜವಾದ ಬೊಜ್ಜು ಬಲು ಅಪರೂಪ, ಹೆಚ್ಚಿನವರು ಸಣಕಲೇ. ಅಂಥ ಸಮೂಹದಲ್ಲಿ ತುಸು ತುಂಬಿದ ಮೈ ಎಂದರೆ ಎರಡು ಹೊತ್ತು ಸರಿಯಾಗಿ ಉಂಡ ಮನೆ, ಓದಿದ ತಾಯಿ, ಪುಸ್ತಕಕ್ಕೆ ದುಡ್ಡು. ಅಮೆರಿಕದಲ್ಲಿ ಬೊಜ್ಜು ಬಡವರ ಬೀದಿಯಲ್ಲಿ ಹೆಚ್ಚು, ಮೈಸೂರಿನಲ್ಲಿ ಆಗ ಉಳ್ಳವರ ಮನೆಯಲ್ಲಿ. ಅಲ್ಲಿಯ ಸೂತ್ರವನ್ನು ಇಲ್ಲಿಗೆ ಹಾಗೆಯೇ ಎತ್ತಿ ತರುವುದಕ್ಕೆ ಮೈಸೂರಿನ ಅಂಕಿಗಳು ಹಾಕಿದ ತಡೆ ಇದು. ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಹೆಚ್ಚಿದ್ದಾಗ ಮಗುವಿನ ಬುದ್ಧಿಶಕ್ತಿ ಮೇಲಿತ್ತು ಎಂಬ, ಅದೇ ತಂಡ ಕಂಡುಕೊಂಡ ಅಂಶ ಸುದ್ದಿಯಾಗಲಿಲ್ಲ. ಸೊಪ್ಪು, ಕಾಳು ಉಣ್ಣುವ ನಾಡಿಗೆ ಬೇಕಾದದ್ದು ಅದೇ ಆಗಿತ್ತು.

ಆ ಮಕ್ಕಳು ಹರೆಯಕ್ಕೆ ಬಂದಂತೆ ಚಿತ್ರ ಮಬ್ಬಾಗತೊಡಗಿತು. ಅಪರಿಚಿತರ ಮುಂದೆ ಮಾತಾಡಿಸಿ, ಬಾಯಿಲೆಕ್ಕ ಮಾಡಿಸಿ ಒತ್ತಡ ತಂದಾಗ, ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳ ಹೃದಯ, ರಕ್ತದೊತ್ತಡ ಉಳಿದವರಿಗಿಂತ ಹೆಚ್ಚು ಜಿಗಿಯುತ್ತಿತ್ತು. ಇತ್ತ 1934ರಿಂದ 1966ರವರೆಗಿನ ಹಳೆಯ ಪುಸ್ತಕಗಳಲ್ಲಿದ್ದವರನ್ನು ಮುಪ್ಪಿನಲ್ಲಿ ಮತ್ತೆ ಹುಡುಕಿ, ನೆನಪು ಮತ್ತು ಖಿನ್ನತೆಯನ್ನು ಪರೀಕ್ಷಿಸುವ ಕೆಲಸವನ್ನು ಮನೋವೈದ್ಯ ಮುರಳಿ ಕೃಷ್ಣ ಕೈಗೆತ್ತಿಕೊಂಡರು.

ದೊಡ್ಡವರ ವಿಷಯದಲ್ಲಿ ಜಗತ್ತಿನ ಸಾಕ್ಷ್ಯ ಹೆಚ್ಚು ಒಮ್ಮುಖ. 2010ರಲ್ಲಿ ವೃದ್ಧರ ಸ್ಕ್ಯಾನ್‌ಗಳನ್ನು ನೋಡಿದ ಅಮೆರಿಕದ ತಂಡವೊಂದು, ಬೊಜ್ಜಿದ್ದವರಲ್ಲಿ ಮಿದುಳಿನ ಮುಂಭಾಗವೂ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ಸೂ ಸವೆದಿರುವುದನ್ನು ತೋರಿಸಿತು. ಹೊಟ್ಟೆಯ ಕೊಬ್ಬು ಬರಿಯ ದಾಸ್ತಾನಲ್ಲ. ಅದು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಕೆಲಸಗೆಡುವುದು, ಸಣ್ಣ ರಕ್ತನಾಳಗಳು ಗಡುಸಾಗುವುದು ಮಿದುಳಿಗೂ ತಟ್ಟುತ್ತದೆ. ಅದೇ ವರ್ಷ 15 ಅಧ್ಯಯನಗಳನ್ನು ಕೂಡಿಸಿ ನೋಡಿದ ಡಚ್ ಸಂಶೋಧಕರು, ಬೊಜ್ಜಿದ್ದವರಿಗೆ ಮುಂದೆ ಖಿನ್ನತೆ ಬರುವ ಸಂಭವ ಶೇ. 55ರಷ್ಟು ಹೆಚ್ಚು, ಖಿನ್ನತೆಯಿದ್ದವರಿಗೆ ಬೊಜ್ಜು ಬರುವ ಸಂಭವ ಶೇ. 58ರಷ್ಟು ಹೆಚ್ಚು ಎಂದರು. ದಾರಿ ಎರಡೂ ಕಡೆಗಿದೆ. ಮನೋರೋಗದ ಔಷಧಗಳೂ ಇದಕ್ಕೆ ಕೂಡುತ್ತವೆ: 1950ರ ದಶಕದಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್‌ನಿಂದ ಹಿಡಿದು ಇಂದಿನ ಓಲಂಜಪಿನ್‌ವರೆಗೆ ಹಲವು ಮಾತ್ರೆಗಳು ತೂಕ ಏರಿಸುತ್ತವೆ. ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ರೋಗಿಯನ್ನು ಕರೆದೊಯ್ಯುವ ಮನೆಯವರು ಈ ಮಾತನ್ನು ವೈದ್ಯರಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಕೂಡದು.

ಭಾರತೀಯರ ಮೈಯಲ್ಲಿ ಕಣ್ಣಿಗೆ ಕಾಣದ ಕೊಬ್ಬು ಹೆಚ್ಚು ಎಂಬುದೂ ಈ ಲೆಕ್ಕಕ್ಕೆ ಸೇರಬೇಕು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ತಂಡ ತೂಗಿದ ಹಳ್ಳಿಯ ಕೂಸುಗಳು ಸರಾಸರಿ 2.7 ಕಿಲೋ, ಸೌತಾಂಪ್ಟನ್ನಿನ ಕೂಸುಗಳು 3.5, ಆದರೂ ಸ್ನಾಯು ಸೊರಗಿದಷ್ಟು ಬೆನ್ನಿನ ಚರ್ಮದಡಿಯ ಕೊಬ್ಬು ಸೊರಗಿರಲಿಲ್ಲ. ಏಷ್ಯಾದವರಿಗೆ ಅಪಾಯದ ಗೆರೆಯನ್ನು ದೇಹತೂಕ ಸೂಚ್ಯಂಕ 23ರಿಂದಲೇ ಎಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದರು.

ಇತ್ತ ಬರದ ಸೀಮೆಯೂ ಬದಲಾಯಿತು. ರೋಣ, ನರಗುಂದದ ಹೊಲಗಳಿಗೆ ನವಿಲುತೀರ್ಥ ಅಣೆಕಟ್ಟಿನ ನೀರು ಬಂತು. ಅದರ ಕರದ ವಿರುದ್ಧ 1980ರಲ್ಲಿ ರೈತರು ಬಂಡೆದ್ದರು. ಜೋಳದ ರೊಟ್ಟಿಯ ಪಕ್ಕಕ್ಕೆ ಪಡಿತರದ ಅಕ್ಕಿ ಬಂತು, ರಾಶಿಯ ಕಾಲದ ದುಡಿಮೆಗೆ ಯಂತ್ರ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ತೂಕ ಮೀರಿದ ಹೆಂಗಸರ ಪ್ರಮಾಣ 2015–16ರಲ್ಲಿ ಶೇ. 23ರಷ್ಟಿದ್ದದ್ದು 2019–21ರಲ್ಲಿ ಶೇ. 30ಕ್ಕೆ ಬಂದಿದೆ. ಬರದ ಮೊಮ್ಮಕ್ಕಳ ಮಿದುಳಿನ ಮೇಲೆ ಈ ಹೊಸ ತೂಕದ ಪರಿಣಾಮವೇನು ಎಂಬುದನ್ನು ಮೈಸೂರಿನ ಅಂಕಿಗಳಿಂದ ಊಹಿಸಲಾಗದು. ಆ ನೆಲ ಬೇರೆ, ಊಟ ಬೇರೆ. ಬೆಳವಣಕಿ ಸೀಮೆಯಲ್ಲೂ ಈಗ ಹೆರಿಗೆ ಬಹುಪಾಲು ಆಸ್ಪತ್ರೆಯಲ್ಲೇ ಆಗುತ್ತದೆ, ಕೂಸಿನ ತೂಕ ರಿಜಿಸ್ಟರಿಗೂ ತಾಯಿ ಕಾರ್ಡಿಗೂ ಹತ್ತುತ್ತದೆ. ತಲೆಯ ಸುತ್ತಳತೆಯನ್ನೂ ತಪ್ಪದೆ ಬರೆಯಬೇಕು; ಆ ರಿಜಿಸ್ಟರುಗಳನ್ನು ರದ್ದಿಗೆ ಹಾಕದೆ ಕನಿಷ್ಠ 50 ವರ್ಷ ಜೋಪಾನ ಮಾಡುವ ಹೊಣೆಯನ್ನು ಜಿಲ್ಲೆಯ ಆರೋಗ್ಯ ಇಲಾಖೆಯೂ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಹೊರಬೇಕು.