ಪಕ್ಷದ ಖರ್ಚು ಯಾರ ಲೆಕ್ಕಕ್ಕೆ?

ಕಾಮರ್ಸ್ ಓದಿದ ನನ್ನಂಥವರಿಗೆ ಒಂದು ಚಟ ಇರುತ್ತೆ. ಯಾರಾದ್ರೂ ಲೆಕ್ಕ ಕೊಟ್ರೆ, ಅದರಲ್ಲಿ ಏನು ಬರೆದಿದ್ದಾರೆ ಅನ್ನೋದಕ್ಕಿಂತ ಏನು ಬಿಟ್ಟಿದ್ದಾರೆ ಅಂತ ಮೊದಲು ಹುಡುಕ್ತೀವಿ. ಇವತ್ತು ಚುನಾವಣಾ ಲೆಕ್ಕದಲ್ಲಿ ಹಾಗೆ ಬಿಟ್ಟ ಒಂದು ಬಾಬ್ತಿನ ಕಥೆ.

ಕರ್ನಾಟಕದಲ್ಲಿ ವಿಧಾನಸಭೆಗೆ ನಿಲ್ಲೋ ಅಭ್ಯರ್ಥಿ 40 ಲಕ್ಷ ರೂಪಾಯಿ, ಲೋಕಸಭೆಗೆ ನಿಲ್ಲೋರು 95 ಲಕ್ಷ ರೂಪಾಯಿ ಮೀರಿ ಖರ್ಚು ಮಾಡೋ ಹಾಗಿಲ್ಲ. 2022ರಲ್ಲಿ ನಿಗದಿಯಾದ ಮಿತಿ ಇದು. ಹಾಗಿದ್ರೆ ಪಕ್ಷಕ್ಕೆ ಎಷ್ಟು? ಮಿತಿಯೇ ಇಲ್ಲ!

ಇದನ್ನ ಸರಿ ಮಾಡೋಕೆ ಕೋರ್ಟ್ ಒಮ್ಮೆ ಹೊರಟಿತ್ತು. 1971ರ ಲೋಕಸಭಾ ಚುನಾವಣೆ, ದೆಹಲಿ ಸದರ್ ಕ್ಷೇತ್ರ. ಕಾಂಗ್ರೆಸ್‌ನ ಅಮರನಾಥ್ ಚಾವ್ಲಾ ಗೆದ್ರು. ಸೋತ ಜನಸಂಘದ ಕನ್ವರ್ ಲಾಲ್ ಗುಪ್ತಾ, ಚಾವ್ಲಾ ಮಿತಿ ಮೀರಿ ಖರ್ಚು ಮಾಡಿದ್ದಾರೆ ಅಂತ ಕೋರ್ಟಿಗೆ ಹೋದ್ರು. ಸಾರ್ವಜನಿಕ ಸಭೆಗಳ ಖರ್ಚು ಯಾರದ್ದು ಅನ್ನೋದೇ ಅಲ್ಲಿನ ದೊಡ್ಡ ಪ್ರಶ್ನೆ.

1974ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಭ್ಯರ್ಥಿಗೆ ಗೊತ್ತಿದ್ದೇ ಪಕ್ಷ ಅವರ ಪರವಾಗಿ ದುಡ್ಡು ಸುರಿದ್ರೆ, ಅದೂ ಅಭ್ಯರ್ಥಿಯ ಖರ್ಚೇ. ಇಲ್ಲದಿದ್ರೆ ಮಿತಿಗೆ ಅರ್ಥವೇನು? ಹಣಬಲ ಇರೋರೇ ಗೆಲ್ತಾರೆ, ಇಲ್ಲದವರು ಕಣಕ್ಕೇ ಇಳಿಯೋಲ್ಲ. ಚಾವ್ಲಾ ಆಯ್ಕೆ ರದ್ದಾಯ್ತು.

ಆಮೇಲೆ ಏನಾಯ್ತು ಗೊತ್ತಾ? ಅದೇ ತಿಂಗಳು ಇಂದಿರಾ ಗಾಂಧಿ ಸರ್ಕಾರ ಸುಗ್ರೀವಾಜ್ಞೆ ತಂತು. ವರ್ಷ ಮುಗಿಯೋದರೊಳಗೆ ಅದು ಕಾನೂನೇ ಆಯ್ತು. ಜನಪ್ರಾತಿನಿಧ್ಯ ಕಾಯ್ದೆಯ 77ನೇ ಸೆಕ್ಷನ್‌ಗೆ ಒಂದು ವಿವರಣೆ ಸೇರಿಸಿದ್ರು: ಪಕ್ಷ ಅಥವಾ ಬೆಂಬಲಿಗರು ಮಾಡಿದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರೋಲ್ಲ. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದೇ ಇದೆ ಅನ್ನೋ ಹಾಗೆ.

2003ರ ತಿದ್ದುಪಡಿ ಆ ಬಾಗಿಲನ್ನ ಅರ್ಧ ಮುಚ್ಚಿತು. ನಿರ್ದಿಷ್ಟ ಅಭ್ಯರ್ಥಿಗೆ ಅಂತ ಪಕ್ಷ ಮಾಡೋ ಖರ್ಚು ಈಗ ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತೆ. ಆದ್ರೆ ತಾರಾ ಪ್ರಚಾರಕರ ಓಡಾಟ, ಪಕ್ಷದ ಸಾಮಾನ್ಯ ಪ್ರಚಾರ ಇವತ್ತಿಗೂ ಹೊರಗೇ.

ಖರ್ಚಿನ ಕಥೆ ಇದಾದ್ರೆ, ಆದಾಯದ್ದು? 1969ರಲ್ಲಿ ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡೋದನ್ನ ನಿಷೇಧಿಸಿದ್ರು, 1985ರಲ್ಲಿ ಮತ್ತೆ ಬಿಟ್ರು. 2017ರಲ್ಲಿ ಚುನಾವಣಾ ಬಾಂಡ್ ಯೋಜನೆ ಘೋಷಣೆಯಾಯ್ತು, ಕಂಪನಿ ದೇಣಿಗೆಗೆ ಇದ್ದ ಶೇ. 7.5ರ ಲಾಭದ ಮಿತಿಯೂ ಹೋಯ್ತು. ಯಾರು ಯಾರಿಗೆ ಕೊಟ್ರು ಅಂತ ಮತದಾರರಿಗೆ ಗೊತ್ತಾಗ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಇವೆರಡನ್ನೂ ರದ್ದು ಮಾಡಿತು. ತಿಳಿಯೋದು ಮತದಾರರ ಹಕ್ಕು ಅಂದಿತು. ಮುಂದಿನ ತಿಂಗಳು ಬಾಂಡ್ ಪಟ್ಟಿ ನಮ್ಮ ಮೊಬೈಲ್‌ಗೇ ಬಂತು.

ಅಂದ್ರೆ ದುಡ್ಡು ಬರೋ ದಾರಿಗೆ ಸ್ವಲ್ಪ ಬೆಳಕು ಬಿತ್ತು. ಹೋಗೋ ದಾರಿಗೆ? ಪಕ್ಷಕ್ಕೂ ಒಂದು ಮಿತಿ ಬರೋ ತನಕ, ಅಭ್ಯರ್ಥಿಯ 40 ಲಕ್ಷ ಅರ್ಧ ಲೆಕ್ಕವೇ.

ಆ ಅರ್ಧವನ್ನಾದ್ರೂ ನೋಡಬಹುದು. ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿಗಳು ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಲೇಬೇಕು. ನಿಯಮದ ಪ್ರಕಾರ ಅದನ್ನ ಯಾರು ಬೇಕಾದ್ರೂ ನೋಡಬಹುದು. ಶುಲ್ಕ ಎಷ್ಟು ಗೊತ್ತಾ? ಒಂದು ರೂಪಾಯಿ. ನಿಮ್ಮ ಶಾಸಕರ ಲೆಕ್ಕ ತೆಗೆದು ನೋಡಿ. ಪ್ರಚಾರದಲ್ಲಿ ನೀವೇ ಕಣ್ಣಾರೆ ಕಂಡಿದ್ದರಲ್ಲಿ ಏನೇನು ಅಲ್ಲಿಲ್ಲ ಅಂತ ಹುಡುಕಿ.