ಲಾಂಛನ
ಸಂಸ್ಕೃತದ ‘ಲಾಂಛ್’ ಧಾತುವಿಗೆ ಗುರುತು ಮಾಡು ಎಂದರ್ಥ. ಲಾಂಛನ ಬಂದದ್ದು ಅಲ್ಲಿಂದ. ಬಾದಾಮಿ ಚಾಲುಕ್ಯರಿಗೆ ವರಾಹ, ಜೈನ ತೀರ್ಥಂಕರರಲ್ಲಿ ವೃಷಭನಾಥನಿಗೆ ಗೂಳಿ, ಪಾರ್ಶ್ವನಾಥನಿಗೆ ಸರ್ಪ. ಎಷ್ಟೋ ಜಿನಬಿಂಬಗಳು ಯಾವ ತೀರ್ಥಂಕರರವು ಎಂದು ತಿಳಿಯಲು ಪೀಠದ ಮೇಲಿನ ಲಾಂಛನವನ್ನೇ ನೋಡಬೇಕು. ಹಿಂದಿಯಲ್ಲಿ ಈ ಪದಕ್ಕೆ ಕಳಂಕದ ಅರ್ಥ ಗಟ್ಟಿಯಾಯಿತು. ಕನ್ನಡದಲ್ಲಿ ಗೌರವ ಉಳಿಯಿತು, ಅದು ನಮ್ಮ ಭಾಗ್ಯ.

ಈಗ ಅಂಗಡಿಯ ಲೋಗೋಗೂ ಇದೇ ಮಾತು. ಕಾಫಿಪುಡಿ ಅಂಗಡಿಯವರು ಲೋಗೋ ಮಾಡಿಸಲು ಬಂದರೆ ಬಣ್ಣ, ಅಕ್ಷರಗಳ ಚರ್ಚೆಗೆ ಮೊದಲು ವಿನ್ಯಾಸಕರು ಕೇಳಬೇಕಾದದ್ದು: ಗಿರಾಕಿಗಳು ನಿಮ್ಮನ್ನು ಯಾವುದರಿಂದ ಗುರುತು ಹಿಡಿಯುತ್ತಾರೆ? ಹುರಿಯುವ ಹಳೆಯ ಡ್ರಮ್ಮೋ, ಚಿಕೋರಿಯ ಹದವೋ, ಅಜ್ಜ ಬರೆಸಿದ ಬೋರ್ಡೋ? ಉತ್ತರ ಮಾಲೀಕರ ಬಾಯಿಂದಲೇ ಬರಬೇಕು. ಗೆರೆ ಆಮೇಲೆ. ಅದೂ ಕಾಲು ಕಿಲೋ ಪೊಟ್ಟಣದ ಮೇಲೆ ಒಂದೇ ಬಣ್ಣದಲ್ಲಿ ಅಚ್ಚಾದರೂ ಕಾಣುವಂತಿರಬೇಕು.