ಹಾಲು ಉಕ್ಕೋಕೆ ಮುಂಚೆ, ಹಾಲು ಉಕ್ಕಿದ ಮೇಲೆ: ಗೃಹಪ್ರವೇಶದ ಕಥೆ

📍ಮಾಸ್ತಿ, ಮಾಲೂರು ತಾಲ್ಲೂಕು

ಭಾಗ 1

ಆಷಾಢ ಮುಗೀತು ಅಂದ್ರೆ ಸಾಕು, ನಿಮ್ಮೆಲ್ಲರ ಸ್ಟೋರಿಯಲ್ಲೂ ಒಂದೇ ಸೀನ್. ಹೊಸ ಟೈಲ್ಸ್ ಮೇಲೆ ಜಾರ್ತಾ ಬರೋ ಹಸು, ಅದರ ಹಿಂದೆ ಗಾಬರಿಯಾದ ಕರು, ಒಲೆ ಮೇಲೆ ಉಕ್ತಿರೋ ಹಾಲು, ಕೆಳಗೆ 'ಹೊಸ ಮನೆ, ಹೊಸ ಶುರು' ಅಂತ ಕ್ಯಾಪ್ಷನ್. ನಾನೂ ಲೈಕ್ ಒತ್ತಿದೀನಿ, ಇಲ್ಲ ಅನ್ನಲ್ಲ. ಆದ್ರೆ ಈ ಹಾಲು ಉಕ್ಕಿಸೋದಕ್ಕೆ ಎಷ್ಟು ಹಳೇ ಕಥೆ ಇದೆ, ಅದರಲ್ಲಿ ನಮ್ಮ ತಾಲ್ಲೂಕಿನ ಪಾತ್ರ ಏನು ಅಂತ ಹೇಳೋರು ಕಮ್ಮಿ. ಅದಕ್ಕೆ ಈ ಸಲದ ಸರಣಿ.

ಮೊದಲು ಊರಿನ ಹೆಸರು. ಮಾಸ್ತಿ ಅನ್ನೋ ಪದ ಬಂದಿರೋದು 'ಮಹಾಸತಿ'ಯಿಂದ. ಹಳ್ಳಿಗಳ ಆಚೆ ನೋಡಿರ್ತೀರಲ್ಲ, ಎತ್ತಿದ ಕೈ, ಬಳೆ ಕೆತ್ತಿರೋ ಮಾಸ್ತಿಕಲ್ಲು, ಅದೇ ಪದ. ತಮಿಳುನಾಡು ಗಡಿ ಹತ್ತಿರ, ಆಂಧ್ರವೂ ದೂರ ಇಲ್ಲ. ಹಾಗಾಗಿ ಇಲ್ಲಿ ಒಂದೇ ಗೃಹಪ್ರವೇಶಕ್ಕೆ ಮೂರು ಭಾಷೆ: ಕನ್ನಡದಲ್ಲಿ ಹಾಲು ಉಕ್ಕಿಸೋದು, ತೆಲುಗಿನಲ್ಲಿ ಪಾಲು ಪೊಂಗಿಂಚಡಂ, ತಮಿಳಿನಲ್ಲಿ ಪಾಲ್ ಕಾಯ್ಚುದಲ್. ಹಾಲಿಗೆ ಮಾತ್ರ ಭಾಷೆ ಗೊತ್ತಿಲ್ಲ, ಯಾವ ದಿಕ್ಕಿಗೆ ಪಾತ್ರೆ ವಾಲಿದ್ಯೋ ಆ ದಿಕ್ಕಿಗೆ ಉಕ್ಕುತ್ತೆ 😄

ಭಾಗ 2

ಈಗ ಹಳೇ ಪುಸ್ತಕಗಳಿಗೆ ಹೋಗೋಣ. ಋಗ್ವೇದದ 7ನೇ ಮಂಡಲದಲ್ಲಿ 'ವಾಸ್ತೋಷ್ಪತಿ' ಅಂತ ಒಬ್ಬ ದೇವರು ಬರ್ತಾನೆ. ಮನೆಯ ಒಡೆಯ ಅಂತ ಅರ್ಥ. ಅವನ ಹತ್ರ ಮನೆಯವರಿಗೆ ಮಾತ್ರ ಅಲ್ಲ, ದನಕರುಗಳಿಗೂ ಕ್ಷೇಮ ಕೇಳ್ತಾರೆ. ಹಸು ಮನೆಯೊಳಗೆ ಬರೋದು ನೋಡಿ 'ಇದೆಲ್ಲ ಯಾಕಪ್ಪ' ಅನ್ನಿಸಿದ್ರೆ ಇದನ್ನ ನೆನಪಿಟ್ಕೊಳ್ಳಿ: ಆ ಕಾಲಕ್ಕೆ ದನವೂ ಮನೆ ಮಂದಿಯೇ.

ಆಶ್ವಲಾಯನ ಗೃಹ್ಯಸೂತ್ರದಲ್ಲಿ ಸೈಟ್ ತಗೊಳ್ಳೋ ಮುಂಚೆ ಮಾಡೋ ಟೆಸ್ಟ್ ಇದೆ. ನನಗೆ ತುಂಬಾ ಇಷ್ಟ ಆಗಿದ್ದು ಇದು. ಮೊಣಕಾಲುದ್ದ ಗುಂಡಿ ತೋಡ್ಬೇಕು, ತೆಗೆದ ಮಣ್ಣನ್ನೇ ವಾಪಸ್ ತುಂಬ್ಬೇಕು. ಮಣ್ಣು ಮಿಕ್ಕಿದ್ರೆ ಜಾಗ ಉತ್ತಮ, ಸಮ ಆದ್ರೆ ಮಧ್ಯಮ, ಕಮ್ಮಿ ಬಿದ್ರೆ ಬಿಟ್ಟುಬಿಡಿ. ಇನ್ನೊಂದು: ಸಂಜೆ ಗುಂಡಿಗೆ ನೀರು ತುಂಬಿ ರಾತ್ರಿಯೆಲ್ಲ ಬಿಡೋದು. ಬೆಳಿಗ್ಗೆ ನೀರು ಉಳಿದಿದ್ರೆ ಉತ್ತಮ, ಬರೀ ತೇವ ಇದ್ರೆ ಮಧ್ಯಮ, ಒಣಗಿದ್ರೆ ಬೇಡ. ಮಂತ್ರ ಪಕ್ಕಕ್ಕಿಡಿ, ಇದು ಮಣ್ಣು ಗಟ್ಟಿ ಇದ್ಯಾ, ನೀರು ಹಿಡಿಯುತ್ತಾ ಅಂತ ನೋಡೋ ಶುದ್ಧ ಪರೀಕ್ಷೆ. ಆದ್ರೆ ಬೇಸಿಗೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ಎರಡನೇ ಟೆಸ್ಟ್ ಮಾಡಿದ್ರೆ ಒಂದು ಸೈಟೂ ಪಾಸಾಗಲ್ಲ, ಅದು ಬೇರೆ ಮಾತು.

ಅದೇ ಪುಸ್ತಕದಲ್ಲಿ ಇಷ್ಟ ಆಗದೇ ಇರೋದೂ ಇದೆ. ಮಣ್ಣಿನ ಬಣ್ಣಕ್ಕೂ ಜಾತಿ: ಬಿಳಿ ಮಣ್ಣು ಬ್ರಾಹ್ಮಣರಿಗೆ, ಕೆಂಪು ಕ್ಷತ್ರಿಯರಿಗೆ, ಹಳದಿ ವೈಶ್ಯರಿಗೆ. ಆಮೇಲೆ 6ನೇ ಶತಮಾನದಲ್ಲಿ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ನಾಲ್ಕು ವರ್ಣಕ್ಕೂ ಹಂಚ್ತಾನೆ, ಶೂದ್ರರಿಗೆ ಕಪ್ಪು. ಆ ಲೆಕ್ಕದಲ್ಲಿ ನಮ್ಮ ಕೆಂಪು ಮಣ್ಣಿನ ಮಾಲೂರಲ್ಲಿ ಇರೋರೆಲ್ಲ ಕ್ಷತ್ರಿಯರೇ ಆಗ್ಬೇಕಿತ್ತು! ನಾಲ್ಕರ ಆಚೆ ಇಟ್ಟವರಿಗೆ ಯಾವ ಬಣ್ಣದ ಮಣ್ಣು? ಪಟ್ಟಿಯಲ್ಲೇ ಇಲ್ಲ.

ಭಾಗ 3

ವಾಸ್ತುಪುರುಷನ ಕಥೆ ಕೇಳಿದೀರಾ? ಮತ್ಸ್ಯಪುರಾಣದಲ್ಲಿದೆ. ಅಂಧಕಾಸುರನ ಜೊತೆ ಯುದ್ಧ ಮಾಡ್ವಾಗ ಶಿವನ ಬೆವರ ಹನಿ ನೆಲಕ್ಕೆ ಬೀಳುತ್ತೆ. ಅದರಿಂದ ಒಂದು ಭೂತ ಹುಟ್ಟುತ್ತೆ, ಎಷ್ಟು ತಿಂದ್ರೂ ಹಸಿವು ತೀರಲ್ಲ. ಕೊನೆಗೆ ದೇವತೆಗಳೆಲ್ಲ ಸೇರಿ ಅದನ್ನ ನೆಲಕ್ಕೆ ಅದುಮಿ, ಮೇಲೇ ಕೂತ್ಬಿಡ್ತಾರೆ. ಅದು 'ಹಾಗಾದ್ರೆ ನಾನು ಏನು ತಿನ್ಲಿ' ಅಂತ ಕೇಳಿದಾಗ, ಮನೆ ಕಟ್ಟೋರು ಕೊಡೋ ಬಲಿ ನಿನ್ನದು ಅಂತ ಒಪ್ಪಂದ ಆಗುತ್ತೆ. ಅಂದ್ರೆ ವಾಸ್ತುಶಾಂತಿ ಅನ್ನೋದು ಮನೆಯ ಕೆಳಗೆ ಬಿದ್ದಿರೋನಿಗೆ ಮೊದಲ ಊಟ.

ನಮ್ಮ ಕಡೆ ಮನೆ ಕೆಳಗೂ ಮೇಲೂ ಏನಿತ್ತು? ಗೋಡೆಗೆ ಮಣ್ಣು ಇಲ್ಲ ಕಲ್ಲು, ಮೇಲೆ ಹುಲ್ಲು, ಮಣ್ಣಿನ ಮಾಳಿಗೆ ಅಥವಾ ಕಲ್ಲು ಚಪ್ಪಡಿ. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಆಮೇಲಾಮೇಲೆ ನಮ್ಮ ಮಾಲೂರೇ ಇಟ್ಟಿಗೆಗೂ ಹೆಂಚಿಗೂ ಹೆಸರಾಯ್ತು. ಇದೇ ತಾಲ್ಲೂಕಿನ ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತೋ ಶಿಲ್ಪಿಗಳಿದ್ದಾರೆ. ಅಂದ್ರೆ ಮನೆಗೂ ದೇವರಿಗೂ ಬೇಕಾದ ಸಾಮಾನು ಇಲ್ಲೇ ತಯಾರು.

ಒಂದು ಮನೆಯ ವಿಷಯ ಇಲ್ಲಿ ಹೇಳಿಬಿಡ್ತೀನಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರಲ್ಲಿ ಮಾಲೂರು ತಾಲ್ಲೂಕಲ್ಲೇ. 'ಚಿಕವೀರ ರಾಜೇಂದ್ರ'ಕ್ಕೆ 1983ರ ಜ್ಞಾನಪೀಠ ಬಂತು, ಅದು ಪರೀಕ್ಷೆಗೆ ಎಲ್ಲರಿಗೂ ಬಾಯಿಪಾಠ. ಮಾಸ್ತಿ ಊರಲ್ಲಿರೋ ಅವರ ಮನೆ ಈಗ ಗ್ರಂಥಾಲಯ. ಒಳಗೆ ಹೋಗೋಕೆ ಮುಹೂರ್ತ ಬೇಡ, ಯಾರು ಅಂತ ಕೇಳಲ್ಲ, ಚಪ್ಪಲಿ ಬಿಟ್ಟು ಹೋಗಿ ಪೇಪರ್ ಓದಿ.

ಭಾಗ 4 (ಬಿಕಾಂನವರಿಗೆ ಸ್ಪೆಷಲ್)

ಗೃಹಪ್ರವೇಶದಲ್ಲಿ ಪುರೋಹಿತರಷ್ಟೇ ಮುಖ್ಯವಾದ ಇನ್ನೊಬ್ಬರು ಇರ್ತಾರೆ: ಬಾಗಿಲ ಹತ್ರ ಟೇಬಲ್ ಹಾಕ್ಕೊಂಡು ಮುಯ್ಯಿ ಬರೆಯೋರು. ನಮ್ಮ ಸಂಬಂಧಿಕರ ಮನೆಯಲ್ಲಿ ಆ ಡ್ಯೂಟಿ ನಂದು, 'ಬಿಕಾಂ ಓದ್ತಾ ಇದ್ದಾನಲ್ಲ, ಬರೀಲಿ' ಅಂತ. ಉದ್ದನೇ ನೋಟ್‌ಬುಕ್, ಮೇಲೆ ಅರಿಶಿನ ಕುಂಕುಮ, ಮೊದಲ ಸಾಲಲ್ಲಿ ದೇವರ ಹೆಸರು, ಆಮೇಲೆ ಊರು, ಹೆಸರು, ಮೊತ್ತ. 501, 1,001, ಒಂದು ಕುಕ್ಕರ್, ಒಂದು ಗೋಡೆ ಗಡಿಯಾರ, ಮತ್ತೊಂದು ಗೋಡೆ ಗಡಿಯಾರ.

ಇದು ಗಿಫ್ಟ್ ಅಲ್ಲ ಸ್ನೇಹಿತರೇ, ಸಾಲ. ಬಡ್ಡಿ ಇಲ್ಲ, ಗಡುವು ಇಲ್ಲ, ಸೈನ್ ಇಲ್ಲ, ಆದ್ರೆ ವಾಪಸ್ ಹೋಗಲೇಬೇಕು. ಅವರ ಮನೆ ಮದುವೆ ಬಂದಾಗ ನಿಮ್ಮಮ್ಮ ಬೀರುವಿಂದ ಹಳೇ ನೋಟ್‌ಬುಕ್ ತೆಗೆದು ನೋಡಲ್ವಾ? ಅದೇ ಲೆಡ್ಜರ್ ಪೋಸ್ಟಿಂಗ್. ಬ್ಯಾಂಕ್ ಸಾಲ ಸಿಗದ ಕಾಲದಲ್ಲಿ ಮನೆ ಕಟ್ಟಿ ಕೈ ಖಾಲಿಯಾದವನಿಗೆ ಊರು ಸೇರಿ ಕೊಡ್ತಿದ್ದ ದುಡಿಯುವ ಬಂಡವಾಳ ಇದು ಅಂತ ನಂಗನ್ಸುತ್ತೆ.

ಒಂದು ಟ್ಯಾಕ್ಸ್ ವಿಷಯ, ಸೇವ್ ಮಾಡ್ಕೊಳ್ಳಿ. ಸ್ವಂತ ಮದುವೆಗೆ ಬಂದ ಉಡುಗೊರೆಗೆ ಆದಾಯ ತೆರಿಗೆ ವಿನಾಯಿತಿ ಇದೆ. ಗೃಹಪ್ರವೇಶಕ್ಕೆ ಆ ವಿನಾಯಿತಿ ಇಲ್ಲ! ಹತ್ತಿರದ ಸಂಬಂಧಿಗಳು ಕೊಟ್ಟಿದ್ದು ಬಿಟ್ಟು, ಬೇರೆಯವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿದ್ರೆ ಪೂರ್ತಿ ಮೊತ್ತವೇ ಆದಾಯ. ಸೆಮಿಸ್ಟರ್‌ನಲ್ಲಿ ಬಂದ್ರೆ ನನ್ನ ನೆನಪಿಸ್ಕೊಳ್ಳಿ.

ಭಾಗ 5

ಈ ಸರಣಿ ಬರೆಯೋಕೆ ಕೂತಿದ್ದೇ ಈ ಭಾಗಕ್ಕೆ.

ಒಂದು ಮನೆ ಏಳ್ತಿರುವಾಗ ನೋಡಿ. ಪಾಯ ಅಗೆಯೋರು, ಕಲ್ಲು ಒಡೆಯೋ ಭೋವಿಗಳು, ಇಟ್ಟಿಗೆ ಹೊರೋ ಹೆಂಗಸರು, ಗಾರೆ ಮೇಸ್ತ್ರಿ, ಬಡಗಿ, ಎಲ್ಲ ಒಳಗೇ. ಮುಂದೆ ದೇವರಮನೆ ಆಗೋ ಜಾಗದಲ್ಲಿ ಕೂತು ಬುತ್ತಿ ಬಿಚ್ತಾರೆ. ವಾಸಕಾಲು ಇಟ್ಟ ದಿನ ನವಧಾನ್ಯ ಕಟ್ಟಿ ಪೂಜೆ ಮಾಡಿ ಮೇಸ್ತ್ರಿಗೂ ಬಡಗಿಗೂ ಪಂಚೆ ಕೊಡ್ತಾರೆ. ಆಮೇಲೆ ಹಾಲು ಉಕ್ಕುತ್ತೆ. ಅವತ್ತಿಂದ ಎಷ್ಟೋ ಮನೆಗಳಲ್ಲಿ, ಆ ಹೊಸ್ತಿಲು ಕೂರಿಸಿದವರಲ್ಲೇ ಕೆಲವರು ಹೊಸ್ತಿಲಾಚೆ. ಊಟ ಇದೆ, ಆದ್ರೆ ಶಾಮಿಯಾನದ ಕೊನೇ ಪಂಕ್ತಿ. ಮಾರನೇ ದಿನದ ಬಾಡೂಟಕ್ಕೂ ಹೊರಗೆ. ನೀವೂ ನೋಡಿದೀರಿ, ನಾನೂ ನೋಡಿದೀನಿ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ತೆಗೆದುಹಾಕಿ, 1950ರ ಜನವರಿ 26ರಿಂದ ಜಾರಿಯಲ್ಲಿದೆ. 1955ರ ಕಾಯ್ದೆ ದೇವಸ್ಥಾನ, ಬಾವಿ, ಹೋಟೆಲ್, ಅಂಗಡಿಯ ಬಾಗಿಲು ತೆಗೆಸ್ತು. ಆದ್ರೆ ಸ್ವಂತ ಮನೆಗೆ ಯಾರನ್ನ ಕರೀಬೇಕು ಅಂತ ಯಾವ ಕಾನೂನೂ ಹೇಳೋಕಾಗಲ್ಲ. ಕಾನೂನು ಬಂದು ನಿಲ್ಲೋದು ಹೊಸ್ತಿಲ ಹತ್ರ.

2022ರ ಸೆಪ್ಟೆಂಬರ್. ನಮ್ಮ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ಊರ ಉತ್ಸವದಲ್ಲಿ ದೇವರ ಕೋಲನ್ನ ದಲಿತ ಹುಡುಗನೊಬ್ಬ ಮುಟ್ಟಿದ ಅಂತ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ರು. ಕಟ್ಟದಿದ್ರೆ ಊರು ಬಿಡಿ ಅಂದ್ರು. ಸುದ್ದಿ ದೇಶ ಪೂರ್ತಿ ಹೋಯ್ತು, ಕೇಸ್ ಆಯ್ತು. ಜಿಲ್ಲಾಧಿಕಾರಿ ಆ ಮನೆಗೆ ಹೋಗಿ, ಮನೆ ಕಟ್ಟಿಕೊಳ್ಳೋಕೆ ನಿವೇಶನ ಕೊಡೋ ಮಾತಾಡಿದ್ರು. ಭಾಗ 2ರ ಗುಂಡಿ ಟೆಸ್ಟ್ ಓದಿದ್ರಲ್ಲ, ಅದರಲ್ಲಿ ಕೇಳದೇ ಇರೋ ಪ್ರಶ್ನೆ ಒಂದಿದೆ: ಅಕ್ಕಪಕ್ಕದವರು ಇರೋಕೆ ಬಿಡ್ತಾರಾ?

ಭಾಗ 6

ಇದೇ ಕೋಲಾರ ಜಿಲ್ಲೆಯಲ್ಲಿ 'ಅರಿವು ಭಾರತ' ಅನ್ನೋ ಸಂಘಟನೆಯವರು ಒಂದು ಕಾರ್ಯಕ್ರಮ ಮಾಡ್ಕೊಂಡು ಬಂದಿದ್ದಾರೆ. ಹೆಸರು 'ಗೃಹಪ್ರವೇಶ'. ಆದ್ರೆ ಹೊಸ ಮನೆ ಅಲ್ಲ, ಹಳೇ ಮನೆಗಳೇ. ಮೇಲ್ಜಾತಿ ಅನ್ನಿಸಿಕೊಂಡವರು ದಲಿತರನ್ನ ತಮ್ಮ ಮನೆ ಬಾಗಿಲಲ್ಲಿ ನಿಂತು ಸ್ವಾಗತಿಸಿ, ಒಳಗೆ ಕರೆದು, ಕೂರಿಸಿ ಉಪಚಾರ ಮಾಡೋದು. ಕಾನೂನು ನಿಂತಲ್ಲಿಂದ ಇವರು ಶುರು ಮಾಡ್ತಾರೆ. ಕೇರಳದ ಚೆರಾಯಿಯಲ್ಲಿ 1917ರಲ್ಲೇ ಸಹೋದರನ್ ಅಯ್ಯಪ್ಪನ್ ಬೇರೆ ಬೇರೆ ಜಾತಿಯವರ ಸಹಭೋಜನ ಮಾಡಿಸಿ ಬೈಸ್ಕೊಂಡಿದ್ರು, ಆ ಸಾಲಿಗೆ ಸೇರೋ ಕೆಲಸ ಇದು. ಹೆಸರು ಆರಿಸಿದವರ ಜಾಣತನಕ್ಕೆ ಒಂದು ಸಲಾಂ.

'ಇದೆಲ್ಲ ಫೋಟೋಗೆ' ಅನ್ನೋರು ಇದ್ದಾರೆ. ಇರಬಹುದು, ಗೋವಿನ ಜೊತೆ ಸೆಲ್ಫಿಯೂ ಫೋಟೋಗೇ ತಾನೇ? ನನ್ನ ಅನುಮಾನ ಬೇರೆ, ಅದು ಅಕೌಂಟ್ಸ್ ಓದೋನ ಅನುಮಾನ. ಮುಯ್ಯಿ ಪುಸ್ತಕದಲ್ಲಿ ಒಂದು ಎಂಟ್ರಿ ಆದ್ರೆ ಸಾಲಲ್ಲ, ಇವರು ಅಲ್ಲಿಗೆ ಹೋಗ್ಬೇಕು, ಅವರು ಇಲ್ಲಿಗೆ ಬರ್ಬೇಕು, ಮತ್ತೆ ಇವರು ಹೋಗ್ಬೇಕು. ನಾನು ಬರೆದ ನೋಟ್‌ಬುಕ್ ತಿರುವಿ ನೋಡಿದೆ. ಸುತ್ತಮುತ್ತಲ ಎಷ್ಟೊಂದು ಊರಿನ ಹೆಸರಿದೆ. ನಮ್ಮೂರಿನದೇ ಒಂದು ಕೇರಿಯ ಹೆಸರು ಒಂದು ಪುಟದಲ್ಲೂ ಇಲ್ಲ. ಬಾಕಿ ಇದೆ ಅಂತಲ್ಲ, ಖಾತೆಯನ್ನೇ ತೆರೆದಿಲ್ಲ.

ಇನ್ನೇನು ಕಾರ್ತಿಕಕ್ಕೆ ನಮ್ಮ ಬೀದಿಯಲ್ಲೇ ಇನ್ನೊಂದು ಹಾಲು ಉಕ್ಕೋದಿದೆ, ಟೇಬಲ್ ಡ್ಯೂಟಿ ಮತ್ತೆ ನಂದೇ. ಕಾರ್ಡ್ ಹಂಚೋಕೆ ಹೋಗೋ ಪಟ್ಟಿ ಮಾಡೋವಾಗಲೂ ನಾನು ಕೂತ್ಕೋತೀನಿ ಅಂತ ಹೇಳಿಟ್ಟಿದೀನಿ.

ನಿಮ್ಮೂರಲ್ಲಿ ವಾಸಕಾಲು ಇಟ್ಟವರಿಗೆ ಏನು ಕೊಡ್ತಾರೆ, ಗೃಹಪ್ರವೇಶದ ದಿನ ಅವರು ಎಲ್ಲಿ ಕೂತು ಊಟ ಮಾಡ್ತಾರೆ? ಅಜ್ಜಿಯರನ್ನ ಕೇಳಿ ಕಾಮೆಂಟ್‌ನಲ್ಲಿ ಬರೀರಿ, ಊರಿನ ಹೆಸರೂ ಹಾಕಿ.

#ಮಾಸ್ತಿ #ಮಾಲೂರು #ಕೋಲಾರ #ಗೃಹಪ್ರವೇಶ #ಮುಯ್ಯಿ #ನಮ್ಮೂರಚರಿತ್ರೆ